ಕ್ಲೋರಿನ್ ಮನೆಯೊಳಗೆ

ಆಲಂ ಬೆರೆತ ಕಾವೇರಿ ನೀರು ತೊರೆಕಾಡನಹಳ್ಳಿ ಶುದ್ಧೀಕರಣ ಘಟಕದ ತೊಟ್ಟಿಗಳಲ್ಲಿ ಮಣ್ಣನ್ನೆಲ್ಲ ಕೆಳಕ್ಕೆ ಬಿಟ್ಟು, ಮರಳಿನ ಹಾಸುಗಳಲ್ಲಿ ಇಳಿದು ಹೊರಬರುವಾಗ ತಳ ಕಾಣುವಷ್ಟು ತಿಳಿಯಾಗಿರುತ್ತದೆ. ಅದು ಸೇರಬೇಕಾದ ಬೆಂಗಳೂರು ಇಲ್ಲಿಂದ ಇನ್ನೂ ಸುಮಾರು 100 ಕಿಲೋಮೀಟರ್ ದೂರ, ಸಾಕಷ್ಟು ಎತ್ತರ. ಅಷ್ಟು ದಾರಿ ಹತ್ತುವ ನೀರಿಗೆ ಕ್ಲೋರಿನ್ ಬೇಕೇ ಬೇಕು; ಕಣ್ಣಿಗೆ ಕಾಣದ ರೋಗಾಣುವಿಗೆ ಮರಳೊಂದೇ ಸಾಲದು.

ಇಂಥ ಯಾವುದೇ ಘಟಕದ ಕ್ಲೋರಿನ್ ಮನೆಗೆ ಕಾಲಿಡುವ ಮುಂಚೆ ಒಮ್ಮೆ ತಲೆಯೆತ್ತಿ, ಗಾಳಿಯ ದಿಕ್ಕು ತೋರುವ ಗಾಳಿಚೀಲ ನೋಡಿ. ಅನಿಲ ಸೋರಿದರೆ ಗಾಳಿ ಬೀಸಿಬರುವ ಕಡೆಗೆ, ಎತ್ತರದ ಜಾಗಕ್ಕೆ ಸರಿಯಬೇಕು. ಒಳಗೆ ‘ಟನ್ನರ್’ ಎಂದು ಕರೆಯುವ ಉಕ್ಕಿನ ಉರುಳೆಗಳು ಅಡ್ಡಡ್ಡ ಮಲಗಿರುತ್ತವೆ. ಒಂದೊಂದರಲ್ಲೂ ಸುಮಾರು 900 ಕಿಲೋ ಕ್ಲೋರಿನ್, ಒತ್ತಡಕ್ಕೆ ದ್ರವವಾಗಿ ಅಡಗಿ ಕೂತಿರುತ್ತದೆ. ಗಾಳಿ ಹೊರಹಾಕುವ ಫ್ಯಾನುಗಳು ನೆಲದ ಹತ್ತಿರವೇ ಇರುತ್ತವೆ, ಏಕೆಂದರೆ ಈ ಅನಿಲ ಗಾಳಿಗಿಂತ ಎರಡೂವರೆ ಪಟ್ಟು ಭಾರ.

ಕೆಲಸಗಾರ ಅಮೋನಿಯಾದ ಬಾಟಲಿಯನ್ನು ಕವಾಟದ ಪಕ್ಕ ಮೆಲ್ಲಗೆ ಆಡಿಸುತ್ತಾನೆ. ಎಲ್ಲಾದರೂ ಕೂದಲೆಳೆಯಷ್ಟು ಸೋರಿದ್ದರೂ ಅಲ್ಲೇ ಬಿಳಿ ಹೊಗೆ ಏಳುತ್ತದೆ. ಎರಡೂ ಕೂಡಿ ಹುಟ್ಟಿದ ನವಸಾಗರದ ಕಣಗಳವು. ಆ ಜಾಗಕ್ಕೆ ಗಾಬರಿಯಲ್ಲಿ ನೀರು ಎರಚುವ ಹಾಗಿಲ್ಲ. ಒಣ ಕ್ಲೋರಿನ್ ಉಕ್ಕಿನ ತಂಟೆಗೆ ಹೋಗುವುದಿಲ್ಲ, ಆದರೆ ತೇವ ಸೋಕಿತೆಂದರೆ ಆಮ್ಲವಾಗಿ ಲೋಹ ತಿಂದು ತೂತನ್ನು ಹಿಗ್ಗಿಸುತ್ತದೆ. ಸೋರಿದ ಅನಿಲವನ್ನು ಕಾಸ್ಟಿಕ್ ಸೋಡಾ ದ್ರಾವಣಕ್ಕೆ ಹಾಯಿಸಿದರೆ ಅದು ಬ್ಲೀಚ್ ಆಗಿ ಅಡಗುತ್ತದೆ.

ನನಗೆ ಬೆರಗು ಹುಟ್ಟಿಸುವುದು ಅನಿಲ ನೀರಿಗೆ ಬೆರೆಯುವ ಕೊಳವೆಯೊಳಗಿನ ಕ್ಷಣ. ರಭಸದಿಂದ ನುಗ್ಗುವ ನೀರು ಹಸಿರು ಮಿಶ್ರಿತ ಹಳದಿ ಅನಿಲವನ್ನು ಒಳಕ್ಕೆಳೆದುಕೊಳ್ಳುತ್ತದೆ. ಬಣ್ಣ ಮಾಯವಾಗುವಷ್ಟರಲ್ಲಿ ಕ್ಲೋರಿನ್ ಅಣು ಇಬ್ಭಾಗವಾಗಿ, ಒಂದು ಪಾಲು ಹೈಡ್ರೋಕ್ಲೋರಿಕ್ ಆಮ್ಲ, ಇನ್ನೊಂದು ಹೈಪೋಕ್ಲೋರಸ್ ಆಮ್ಲ. ರೋಗಾಣುವಿನ ಗೋಡೆ ದಾಟಿ ಒಳಹೊಕ್ಕು ಕೊಲ್ಲುವುದು ಈ ಎರಡನೆಯದು. ಅದಕ್ಕೆ ಅರ್ಧ ಗಂಟೆಯಾದರೂ ಸಮಯ ಕೊಡಬೇಕು. ದಾರಿಯಲ್ಲಿ ಕಬ್ಬಿಣ, ಕೊಳೆತ ಎಲೆಯ ರಸ, ಅಮೋನಿಯಾ ಸಿಕ್ಕರೆ ಅವುಗಳ ಮೇಲೂ ತನ್ನ ಶಕ್ತಿ ಕಳೆದುಕೊಳ್ಳುತ್ತದೆ. ಅವೆಲ್ಲದರ ಪಾಲು ಹೋಗಿ, ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಭಾರತೀಯ ಮಾನಕ ಕೇಳುತ್ತದೆ.

ಕ್ಲೋರಿನ್ ನೀರಿನಲ್ಲಿ ಇಬ್ಭಾಗವಾಗುವ ಈ ಕ್ರಿಯೆ ಮನೆಯಲ್ಲಿ ಹಿಮ್ಮುಖವಾಗುವುದೂ ಉಂಟು. ಬಚ್ಚಲು ತಿಕ್ಕುವಾಗ ಬ್ಲೀಚ್ ಮೇಲೆ ಟಾಯ್ಲೆಟ್ ತೊಳೆಯುವ ಆಸಿಡ್ ಬಿದ್ದರೆ, ದ್ರಾವಣದಲ್ಲಿ ಅಡಗಿದ್ದ ಕ್ಲೋರಿನ್ ಮತ್ತೆ ಅನಿಲವಾಗಿ ಏಳುತ್ತದೆ, ಅದೂ ಗಾಳಿಯಾಡದ ಪುಟ್ಟ ಕೋಣೆಯಲ್ಲಿ. ಕಣ್ಣು ಉರಿದು ಕೆಮ್ಮು ಹತ್ತಿದ ಕೂಡಲೇ ಎಲ್ಲವನ್ನೂ ಅಲ್ಲೇ ಬಿಟ್ಟು ಹೊರಗೆ ಬನ್ನಿ.