ಗ್ಯಾಸ್ ಸಿಲಿಂಡರಿನ ತೂಕದ ಲೆಕ್ಕ

ಅಡುಗೆಮನೆಗೆ ಬರುವ ಸಿಲಿಂಡರಿನಲ್ಲಿ 14.2 ಕಿಲೋಗ್ರಾಂ ಅನಿಲವಿರುತ್ತದೆ. ಅದು ತೀರಿದಾಗ ಗ್ಯಾಸ್ ಖಾಲಿಯಾಯಿತೆನ್ನುವುದು ರೂಢಿಯ ಮಾತಾದರೂ, ಅದರಲ್ಲಿದ್ದ ಒಂದು ಪರಮಾಣುವೂ ನಾಶವಾಗಿರುವುದಿಲ್ಲ. ಗಾಳಿಯ ಆಕ್ಸಿಜನ್ನಿನೊಡನೆ ಕೂಡಿ ಬೇರೆ ವಸ್ತುವಾಗಿ ಹೊರಬಿದ್ದಿರುತ್ತದೆ. ಹೊರಬಿದ್ದುದು ಎಷ್ಟೆಂಬುದನ್ನು ತಕ್ಕಡಿ ಹಿಡಿಯದೆ ಹೇಳಲು ರಾಸಾಯನಿಕ ಸಮೀಕರಣ ಸಾಕು.

ಅಡುಗೆ ಅನಿಲವು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಪ್ರೊಪೇನಿನ ಸೂತ್ರವಾದ ಸಿ₃ಎಚ್₈ ಎಂಬಲ್ಲಿ ಸಿ ಕಾರ್ಬನ್ನಿನ, ಎಚ್ ಹೈಡ್ರೋಜನ್ನಿನ ಸಂಕೇತವಾಗಿದ್ದು, ಕೆಳಗಿನ ಅಂಕಿಗಳು ಒಂದು ಅಣುವಿನಲ್ಲಿರುವ ಪರಮಾಣುಗಳ ಸಂಖ್ಯೆಯನ್ನು ತಿಳಿಸುತ್ತವೆ. ಅಕ್ಷರಗಳ ಈ ಪದ್ಧತಿಯನ್ನು 1813ರ ಸುಮಾರಿಗೆ ರೂಪಿಸಿದ ಸ್ವೀಡನ್ನಿನ ಬರ್ಜೀಲಿಯಸ್ ಅಂಕಿಗಳನ್ನು ಮೇಲ್ಗಡೆ ಬರೆಯುತ್ತಿದ್ದನು. ಅವು ಕೆಳಗಿಳಿದದ್ದು ಅನಂತರ.

ಪ್ರೊಪೇನ್ ಉರಿದಾಗ ಕಾರ್ಬನ್ ಡೈಆಕ್ಸೈಡ್ ಮತ್ತು ನೀರು ಉಂಟಾಗುತ್ತವೆ. ಬಾಣದ ಎರಡೂ ಕಡೆ ಪ್ರತಿಯೊಂದು ಧಾತುವಿನ ಪರಮಾಣುಗಳು ಸಮನಾಗುವಂತೆ ಬರೆಯುವುದೇ ಸಮೀಕರಣವನ್ನು ಸರಿದೂಗಿಸುವುದು. ಹಾಗೆಂದು ಸೂತ್ರದೊಳಗಿನ ಅಂಕಿಗೆ ಕೈಹಾಕುವಂತಿಲ್ಲ: ಎಚ್₂ಒ ಎಂಬುದಕ್ಕೆ ಇನ್ನೊಂದು ಆಕ್ಸಿಜನ್ ಸೇರಿಸಿದರೆ ಅದು ನೀರಾಗಿ ಉಳಿಯದೆ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಆದ್ದರಿಂದ ಸೂತ್ರದ ಮುಂದೆ ಮಾತ್ರ ಸಂಖ್ಯೆ ಇಡಬೇಕು. ಮೂರು ಕಾರ್ಬನ್ನಿಗೆ ಮೂರು ಸಿಒ₂, ಎಂಟು ಹೈಡ್ರೋಜನ್ನಿಗೆ ನಾಲ್ಕು ಎಚ್₂ಒ ಎಂದಿಟ್ಟುಕೊಂಡಾಗ ಬಲಗಡೆ ಹತ್ತು ಆಕ್ಸಿಜನ್ ಪರಮಾಣುಗಳು, ಅಂದರೆ ಎಡಗಡೆ ಐದು ಒ₂ ಅಣುಗಳು ಬೇಕಾಗುತ್ತವೆ:

ಸಿ₃ಎಚ್₈ + 5ಒ₂ → 3ಸಿಒ₂ + 4ಎಚ್₂ಒ

ಈ ಸಂಖ್ಯೆಗಳು ಅಣುಗಳ ಎಣಿಕೆಯೇ ಹೊರತು ತೂಕವಲ್ಲ. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ಎಣಿಕೆಯನ್ನು ತೂಕಕ್ಕೆ ತಿರುಗಿಸಲು ಪರಮಾಣು ರಾಶಿ ಬೇಕು. ಕಾರ್ಬನ್ನಿಗೆ 12, ಹೈಡ್ರೋಜನ್ನಿಗೆ 1, ಆಕ್ಸಿಜನ್ನಿಗೆ 16 ಎಂದು ಹಿಡಿದರೆ 44 ಗ್ರಾಂ ಪ್ರೊಪೇನ್ 160 ಗ್ರಾಂ ಆಕ್ಸಿಜನ್ನನ್ನು ಬಳಸಿಕೊಂಡು 132 ಗ್ರಾಂ ಕಾರ್ಬನ್ ಡೈಆಕ್ಸೈಡನ್ನೂ 72 ಗ್ರಾಂ ನೀರನ್ನೂ ಕೊಡುತ್ತದೆ. ಎರಡೂ ಕಡೆಯ ಮೊತ್ತ 204.

ಬ್ಯುಟೇನಿನ ಲೆಕ್ಕವೂ ಇದಕ್ಕೆ ಬಹಳ ಹತ್ತಿರವಿರುವುದರಿಂದ, ಮಿಶ್ರಣದ ಪ್ರಮಾಣ ಹೇಗೇ ಇದ್ದರೂ ಒಂದು ಸಿಲಿಂಡರ್ ಪೂರ್ತಿ ಉರಿಯಲು ಸುಮಾರು 51 ಕಿಲೋ ಆಕ್ಸಿಜನ್ ಬೇಕಾಗಿ, ಸುಮಾರು 43 ಕಿಲೋ ಕಾರ್ಬನ್ ಡೈಆಕ್ಸೈಡ್ ಮತ್ತು 22ರಿಂದ 23 ಕಿಲೋ ನೀರು ಹುಟ್ಟುತ್ತವೆ. ಉರಿದ ಅನಿಲಕ್ಕಿಂತ ಹುಟ್ಟಿದ ನೀರೇ ಹೆಚ್ಚು ತೂಗುವುದೆಂದರೆ ನಂಬಲು ಕಷ್ಟವೆನಿಸಬಹುದು. ಆದರೆ ತಣ್ಣೀರು ತುಂಬಿದ ಪಾತ್ರೆಯನ್ನು ಒಲೆಯ ಮೇಲಿಟ್ಟ ಮೊದಲ ಕೆಲವು ಕ್ಷಣಗಳಲ್ಲಿ ಅದರ ಹೊರಮೈಯಲ್ಲಿ ಮೂಡಿ, ಪಾತ್ರೆ ಸೋರುತ್ತಿದೆಯೇನೋ ಎಂಬ ಅನುಮಾನ ಹುಟ್ಟಿಸುವ ಹನಿಗಳಲ್ಲಿ ಬಹುಪಾಲು ಈ ನೀರೇ.

ಆಕ್ಸಿಜನ್ ಸಾಲದೆ ಹೋದಾಗ ಸಮೀಕರಣವೇ ಬದಲಾಗುತ್ತದೆ. 44 ಗ್ರಾಂ ಪ್ರೊಪೇನಿಗೆ 160ರ ಬದಲು 112 ಗ್ರಾಂ ಆಕ್ಸಿಜನ್ ಮಾತ್ರ ದೊರೆತು, ಕಾರ್ಬನ್ನೆಲ್ಲವೂ ಅರೆಬರೆಯಾಗಿ ಉರಿಯಿತೆಂದು ಭಾವಿಸಿದರೆ, 2ಸಿ₃ಎಚ್₈ + 7ಒ₂ → 6ಸಿಒ + 8ಎಚ್₂ಒ ಎಂಬ ಲೆಕ್ಕದಂತೆ 84 ಗ್ರಾಂ ಕಾರ್ಬನ್ ಮೊನಾಕ್ಸೈಡ್ ಉತ್ಪತ್ತಿಯಾಗುತ್ತದೆ. ವಾಸ್ತವದಲ್ಲಿ ಎರಡೂ ಆಕ್ಸೈಡುಗಳು ಬೆರೆತೇ ಬರುತ್ತವೆ. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಈ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಕ್ಸಿಜನ್ನಿಗಿಂತ ಬಲವಾಗಿ ಅಂಟಿಕೊಳ್ಳುವುದರಿಂದಲೇ, ಗಾಳಿಯಾಡದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಉರಿಸುವುದು ಪ್ರಾಣಕ್ಕೆ ಅಪಾಯಕಾರಿಯಾಗಿದೆ.