ಕಾಯಿಲೆ ವಾಸಿ, ನಡಿಗೆ ಮಾಯ: ಹಿರಿಯ ರೋಗಿಗಳಿಗೆ ದಾದಿಯರ ಆಸರೆ

ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ ವೃದ್ಧರೊಬ್ಬರು ವಾರದ ಬಳಿಕ ಗುಣವಾಗಿ ಮನೆಗೆ ಮರಳುತ್ತಾರೆ. ಆದರೆ ನಡೆದು ಹೋದವರು ಹಿಂದಿರುಗುವುದು ಗಾಲಿಕುರ್ಚಿಯಲ್ಲಿ. ಚಿಕಿತ್ಸೆಯಲ್ಲಿ ಲೋಪವಾಗಿರದಿದ್ದರೂ ಸ್ನಾನ, ಶೌಚಕ್ಕೆ ತಾವೇ ಎದ್ದು ಹೋಗುವ ಶಕ್ತಿ ಉಡುಗಿರುತ್ತದೆ. ಇಂತಹ ನಷ್ಟದ ಒಂದು ಭಾಗವನ್ನಾದರೂ ತಡೆಯಬಹುದು. ಅದಕ್ಕೆ ದುಬಾರಿ ಯಂತ್ರಗಳಿಗಿಂತ ದಾದಿಯರ ಕ್ರಮಬದ್ಧ ಆರೈಕೆಯೇ ಮುಖ್ಯ ಎಂಬುದನ್ನು ಅಮೆರಿಕದ ಅಧ್ಯಯನಗಳು ತೋರಿಸಿಕೊಟ್ಟಿವೆ.

ಹಾಸಿಗೆಯೇ ಅಪಾಯ

ವೃದ್ಧಾಪ್ಯವೇ ಬೇರೆ, ದುರ್ಬಲತೆಯೇ ಬೇರೆ. ಸಂಶೋಧಕಿ ಲಿಂಡಾ ಫ್ರೀಡ್ ಮತ್ತು ಸಂಗಡಿಗರು 2001ರಲ್ಲಿ ದುರ್ಬಲತೆಗೆ ಐದು ಲಕ್ಷಣಗಳನ್ನು ಗುರುತಿಸಿದರು: ಕಾರಣವಿಲ್ಲದೆ ತೂಕ ಇಳಿಯುವುದು, ಬಳಲಿಕೆ, ಕೈಹಿಡಿತ ಸಡಿಲವಾಗುವುದು, ನಿಧಾನ ನಡಿಗೆ ಹಾಗೂ ಕುಗ್ಗಿದ ಚಟುವಟಿಕೆ. ಇವುಗಳಲ್ಲಿ ಮೂರು ಕಂಡುಬಂದರೆ ಆ ವ್ಯಕ್ತಿಯನ್ನು ದುರ್ಬಲರೆಂದು ಪರಿಗಣಿಸಲಾಗುತ್ತದೆ. ಇಂಥವರ ದೇಹದಲ್ಲಿ ಮೀಸಲು ಶಕ್ತಿ ಕಡಿಮೆ.

2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆರೋಗ್ಯವಂತ ಹಿರಿಯರೇ 10 ದಿನ ಹಾಸಿಗೆಯಲ್ಲಿ ಉಳಿದಾಗ ಅವರ ಕಾಲುಗಳ ಮಾಂಸಖಂಡ ಸುಮಾರು ಒಂದು ಕಿಲೋಗ್ರಾಂನಷ್ಟು ಕರಗಿತ್ತು. ಇನ್ನು ರೋಗಿಗಳ ಪಾಡೇನು?

ಅರಳು ಮರಳು ಅಲ್ಲ

ಎರಡನೆಯ ಅಪಾಯ, ವೈದ್ಯರು ಡೆಲಿರಿಯಂ ಎನ್ನುವ ದಿಢೀರ್ ಬುದ್ಧಿಭ್ರಮಣೆ. ನಿನ್ನೆಯವರೆಗೆ ಸರಿಯಾಗಿದ್ದವರು ಇಂದು ಮಕ್ಕಳ ಗುರುತು ತಪ್ಪುತ್ತಾರೆ, ರಾತ್ರಿಯಿಡೀ ಬಡಬಡಿಸುತ್ತಾರೆ. ಇಲ್ಲವೇ ಮಂಕಾಗಿ ಮಲಗಿಬಿಡುತ್ತಾರೆ. 'ವಯಸ್ಸಾಯಿತು, ಅರಳು ಮರಳು' ಎಂದು ಮನೆಯವರು ಸುಮ್ಮನಾಗುವುದುಂಟು. ಆದರೆ ಇದು ತುರ್ತು ಗಮನ ಬೇಡುವ ಸ್ಥಿತಿ.

ಯೇಲ್ ವಿಶ್ವವಿದ್ಯಾಲಯದ ವೈದ್ಯೆ ಶರಾನ್ ಇನೌಯೆ ನೇತೃತ್ವದ ತಂಡ 70 ವರ್ಷ ಮೀರಿದ 852 ರೋಗಿಗಳನ್ನು ಅಧ್ಯಯನ ಮಾಡಿ 1999ರಲ್ಲಿ ಫಲಿತಾಂಶ ಪ್ರಕಟಿಸಿತು. ವೃದ್ಧರ ಆರೈಕೆಯಲ್ಲಿ ಪರಿಣತಿ ಪಡೆದ ದಾದಿ ಮತ್ತು ತರಬೇತಾದ ಸ್ವಯಂಸೇವಕರು ಈ ತಂಡದಲ್ಲಿದ್ದರು. ಅವರು ಮಾಡಿದ್ದಾದರೂ ಏನು? ಆರೈಕೆ ಮಾಡುವವರ ಹೆಸರು, ದಿನಚರಿಯನ್ನು ಫಲಕದಲ್ಲಿ ಬರೆದರು. ಸಾಧ್ಯವಿದ್ದವರನ್ನು ದಿನಕ್ಕೆ ಮೂರು ಬಾರಿ ನಡೆಸಿದರು. ಕನ್ನಡಕ, ಶ್ರವಣಯಂತ್ರ ಒದಗಿಸಿದರು. ನೀರು ಕುಡಿಯಲು ನೆನಪಿಸಿದರು. ನಿದ್ರೆ ಬಾರದವರಿಗೆ ಬಿಸಿ ಹಾಲು ಕೊಟ್ಟು ಬೆನ್ನು ನೀವಿದರು. ರಾತ್ರಿಯ ನಿದ್ದೆ ಕೆಡದಂತೆ ಔಷಧದ ವೇಳೆಯನ್ನೇ ಹೊಂದಿಸಲಾಯಿತು.

ಸಾಮಾನ್ಯ ಆರೈಕೆ ಪಡೆದವರಲ್ಲಿ ಶೇ. 15 ಮಂದಿಗೆ ಭ್ರಮಣೆ ಕಾಡಿದರೆ, ಇಲ್ಲಿ ಅದು ಶೇ. 9.9ಕ್ಕೆ ಇಳಿಯಿತು. ಆದರೆ ಒಮ್ಮೆ ಭ್ರಮಣೆ ಬಂದ ಮೇಲೆ ಅದರ ತೀವ್ರತೆ ತಗ್ಗಿಸಲು ಈ ಕ್ರಮಗಳಿಂದ ಆಗಲಿಲ್ಲ. ಅಂದರೆ ಆರೈಕೆ ಮೊದಲ ದಿನದಿಂದಲೇ ಆರಂಭವಾಗಬೇಕು.

ಮನೆಯವರೆಗೂ ದಾದಿ

ಬಿಡುಗಡೆಯ ನಂತರದ ದಿನಗಳೂ ಅಷ್ಟೇ ನಾಜೂಕು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೇರಿ ನೇಲರ್ ಸ್ವತಃ ದಾದಿ ವೃತ್ತಿಯವರು. ಅವರ ಯೋಜನೆಯಲ್ಲಿ ಉನ್ನತ ಶಿಕ್ಷಣ ಪಡೆದ ದಾದಿಯೇ ರೋಗಿಯನ್ನು ಆಸ್ಪತ್ರೆಯಲ್ಲಿ ಕಂಡು, ಬಿಡುಗಡೆಯ ಸಿದ್ಧತೆ ನಡೆಸಿ, ಬಳಿಕ ನಾಲ್ಕು ವಾರ ಮನೆಭೇಟಿ ಹಾಗೂ ದೂರವಾಣಿ ಮೂಲಕ ವಿಚಾರಿಸಿಕೊಂಡರು. 1999ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 363 ಹಿರಿಯರಿದ್ದರು. 24 ವಾರಗಳಲ್ಲಿ ಮತ್ತೆ ಆಸ್ಪತ್ರೆ ಸೇರಿದವರು ಸಾಮಾನ್ಯ ಗುಂಪಿನಲ್ಲಿ ಶೇ. 37, ದಾದಿಯ ನಿಗಾದಲ್ಲಿದ್ದವರಲ್ಲಿ ಶೇ. 20 ಮಾತ್ರ.

ನಮ್ಮಲ್ಲಿ ಏನು ಸಾಧ್ಯ?

2010-11ರಲ್ಲಿ ಆರಂಭವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ 10 ಹಾಸಿಗೆಗಳ ವೃದ್ಧರ ವಾರ್ಡ್ ತೆರೆಯಲು ಅವಕಾಶವಿದೆ. ಆದರೆ ವಾರ್ಡ್ ತೆರೆದ ಮಾತ್ರಕ್ಕೆ ಕೆಲಸ ಮುಗಿಯದು. ರೋಗಿಯನ್ನು ಎಬ್ಬಿಸಿ ನಡೆಸಲು ದಾದಿಗೆ ಬಿಡುವೂ ಅಧಿಕಾರವೂ ಬೇಕು.

ನಮ್ಮ ಆಸ್ಪತ್ರೆಗಳಿಗೊಂದು ಅನುಕೂಲವಿದೆ. ಅಲ್ಲಿ ಸ್ವಯಂಸೇವಕರು ಮಾಡಿದ ಕೆಲಸಕ್ಕೆ ಇಲ್ಲಿ ರೋಗಿಯ ಪಕ್ಕದಲ್ಲಿ ಮಗಳೋ ಸೊಸೆಯೋ ಇರುತ್ತಾರೆ. ಕನ್ನಡಕ, ಹಲ್ಲಿನ ಸೆಟ್ಟು ಮನೆಯಲ್ಲೇ ಉಳಿಯದಂತೆ ಅವರು ನೋಡಿಕೊಳ್ಳಬಹುದು. 'ಇಂದು ಇವರನ್ನು ನಡೆಸಬಹುದೇ?' ಎಂದು ಪ್ರತಿದಿನ ದಾದಿಯನ್ನು ಕೇಳಿ, ಒಪ್ಪಿದರೆ ಮಾತ್ರ ಕೈಹಿಡಿದು ನಡೆಸಬೇಕು. ಮಾತು ಏಕಾಏಕಿ ತಪ್ಪಿದರೆ ಬೆಳಗಿನ ರೌಂಡ್ಸ್‌ವರೆಗೆ ಕಾಯದೆ ಕೂಡಲೇ ತಿಳಿಸಬೇಕು.