ಬಣ್ಣ ಹಿಡಿಯದ ಬಂಪರು

ಐದಾರು ವರ್ಷ ಬಿಸಿಲಿನಲ್ಲಿ ನಿಂತ ಕಾರನ್ನು ಗಮನವಿಟ್ಟು ನೋಡಿದವರಿಗೆ ಒಂದು ಸಂಗತಿ ಕಾಣದಿರದು. ಉಕ್ಕಿನ ಮೈಯ ಬಣ್ಣವು ಇನ್ನೂ ಹೊಳೆಯುತ್ತಿರುವಾಗಲೇ, ಬಂಪರಿನ ಕೆಳಭಾಗ, ಚಕ್ರದ ಮೇಲಿನ ಕಮಾನಿನ ಅಂಚು, ಬಾಗಿಲಿನ ಪಟ್ಟಿ ಮೊದಲಾದ ಕಪ್ಪು ಪ್ಲಾಸ್ಟಿಕ್ ಭಾಗಗಳು ಬೂದುಗಟ್ಟಿರುತ್ತವೆ. ಒಡೆಯರು ಒಂದು ಡಬ್ಬ ಕಪ್ಪು ಬಣ್ಣ ತಂದು ಬಳಿಯುತ್ತಾರೆ, ಕಾರು ಹೊಸದರಂತಾಗುತ್ತದೆ. ಆದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಬಣ್ಣ ಹಾವಿನ ಪೊರೆಯಂತೆ ಕಳಚಿ ಬರತೊಡಗುತ್ತದೆ. ಬಣ್ಣ ಮಾರಿದವನನ್ನು ದೂರುವುದು ವಾಡಿಕೆ. ಅನೇಕ ವೇಳೆ ನಿಜವಾದ ಕಾರಣ ಅಡಗಿರುವುದು ಬಣ್ಣದಲ್ಲಲ್ಲ, ಅದರ ಕೆಳಗಿರುವ ಪ್ಲಾಸ್ಟಿಕ್ಕಿನ ಸ್ವಭಾವದಲ್ಲಿ.

ಈ ಭಾಗಗಳು ಬಹುಮಟ್ಟಿಗೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನವು. ಜರ್ಮನಿಯ ಕಾರ್ಲ್ ಜೀಗ್ಲರ್ ಅವರು ಕಂಡುಹಿಡಿದಿದ್ದ ವೇಗವರ್ಧಕಗಳ ನೆರವಿನಿಂದ, ಇಟಲಿಯ ಜೂಲಿಯೋ ನಟ್ಟಾ ಅವರು 1954ರಲ್ಲಿ ಮಿಲಾನ್ ನಗರದಲ್ಲಿ ಕ್ರಮಬದ್ಧ ರಚನೆಯ ಪಾಲಿಪ್ರೊಪಿಲೀನನ್ನು ತಯಾರಿಸಿದರು. ಇಬ್ಬರಿಗೂ 1963ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಇಂಗಾಲ ಮತ್ತು ಜಲಜನಕದ ಪರಮಾಣುಗಳು ಮಾತ್ರವೇ ಸೇರಿ ಹೆಣೆದ ಉದ್ದನೆಯ ಸರಪಣಿಗಳೇ ಇದರ ಅಣುಗಳು. ಇದು ಹಗುರ, ಅಗ್ಗ, ತುಕ್ಕು ಹಿಡಿಯದು, ಆಮ್ಲಗಳಿಗೆ ಸುಲಭವಾಗಿ ಜಗ್ಗದು.

ಇಷ್ಟು ಗಟ್ಟಿಯಾದ ವಸ್ತುವಿಗೂ ಬಿಸಿಲು ವೈರಿ. ಸೂರ್ಯನ ಅತಿನೇರಿಳೆ ಕಿರಣಗಳೂ ಗಾಳಿಯ ಆಮ್ಲಜನಕವೂ ಕೂಡಿ ಮೇಲ್ಮೈಯಲ್ಲಿರುವ ಸರಪಣಿಗಳನ್ನು ತುಂಡರಿಸುತ್ತವೆ. ಮೇಲ್ಪದರವು ಕಣ್ಣಿಗೆ ಕಾಣದಷ್ಟು ಸಣ್ಣಗೆ ಬಿರಿದು ಪುಡಿಯಾಗುತ್ತದೆ. ಆ ಬಿರುಕುಗಳು ಬೆಳಕನ್ನು ದಿಕ್ಕುದಿಕ್ಕಿಗೆ ಚೆದರಿಸುವುದರಿಂದ ಕಪ್ಪು ಬೂದಾಗಿ ತೋರುತ್ತದೆ. ಒಣಗಿದ ಸ್ಲೇಟು ಬೂದಾಗಿಯೂ ಒದ್ದೆ ಸ್ಲೇಟು ಕಪ್ಪಾಗಿಯೂ ಕಾಣುವುದನ್ನು ನೆನೆಯಿರಿ. ಎಣ್ಣೆಯನ್ನೋ ಸಿಲಿಕೋನ್ ಪಾಲಿಷನ್ನೋ ಸವರಿದೊಡನೆ ಬಂಪರು ಕಪ್ಪಾಗುವುದೂ ಇದೇ ಬಗೆಯಾಗಿ: ದ್ರವವು ಬಿರುಕುಗಳನ್ನು ತುಂಬುತ್ತದೆ. ನಾಲ್ಕು ಮಳೆ ಬಿದ್ದರೆ ಅದು ತೊಳೆದುಹೋಗುತ್ತದೆ. ಅಳಿದುಳಿದ ಜಿಡ್ಡು ಮುಂದೆ ಬಳಿಯುವ ಬಣ್ಣಕ್ಕೆ ಅಡ್ಡಿಯಾಗುತ್ತದೆ.

ಹಾಗಾದರೆ ಪುಡಿಯನ್ನೂ ಜಿಡ್ಡನ್ನೂ ತೆಗೆದರೆ ಸಾಕೆ? ಸಾಲದು. ಮೇಣ ಸವರಿದ ಹಲಗೆಯ ಮೇಲೆ ನೀರು ಹರಡದೆ ಮುತ್ತಾಗಿ ನಿಲ್ಲುವುದನ್ನು ಎಲ್ಲರೂ ಬಲ್ಲರು. ದ್ರವದ ಅಣುಗಳು ತಮ್ಮತಮ್ಮನ್ನು ಎಳೆದುಕೊಳ್ಳುವ ಬಲಕ್ಕೆ ಮೇಲ್ಮೈ ಎಳೆತವೆಂದು ಹೆಸರು. ನೀರಿಗೆ ಇದು ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಇದೇ ಅಳತೆಯಲ್ಲಿ ಪಾಲಿಪ್ರೊಪಿಲೀನಿನ ಮೇಲ್ಮೈಯ ಶಕ್ತಿ ಸುಮಾರು 30 ಮಾತ್ರ. ಆದುದರಿಂದ ಹಲವು ದ್ರವಗಳು ಅದರ ಮೇಲೆ ಚೆನ್ನಾಗಿ ಹರಡಲಾರವು. ಹರಡಿದರೂ, ಬಣ್ಣವು ಹಿಡಿದುಕೊಳ್ಳುವುದಕ್ಕೆ ಆ ಸರಪಣಿಯಲ್ಲಿ ಆಮ್ಲಜನಕದಂಥ ‘ಕೈ’ಗಳೇ ಇಲ್ಲ. ಜೊತೆಗೆ, ಬಿಸಿಲೇರಿದಾಗ ಈ ಪ್ಲಾಸ್ಟಿಕ್ಕು ಉಕ್ಕಿಗಿಂತ ಹಲವು ಪಟ್ಟು ಹಿಗ್ಗುತ್ತದೆ. ಸಡಿಲವಾಗಿ ಕುಳಿತ ಬಣ್ಣ ಆ ಎಳೆದಾಟವನ್ನು ತಾಳಲಾರದು.

ಕಾರ್ಖಾನೆಗಳಲ್ಲಿ ಬಂಪರಿನ ಮೇಲೆ ಕ್ಷಣಮಾತ್ರ ಜ್ವಾಲೆಯನ್ನು ಹಾಯಿಸಿ ಮೇಲ್ಮೈಗೆ ಆಮ್ಲಜನಕವನ್ನು ಸೇರಿಸುವ ಕ್ರಮವುಂಟು. ಮನೆಯಲ್ಲಿ ಇದು ಅಪಾಯಕರ. ಅಲ್ಲಿ ನೆರವಾಗುವುದು ಪ್ಲಾಸ್ಟಿಕ್ ಪ್ರೈಮರ್. ಇದರ ಮುಖ್ಯ ದ್ರವ್ಯವು ಸಾಮಾನ್ಯವಾಗಿ ಪಾಲಿಪ್ರೊಪಿಲೀನಿನ ಕುಲಕ್ಕೇ ಸೇರಿದ, ಆದರೆ ಕ್ಲೋರಿನ್ ಬೆರೆತ ಸರಪಣಿ. ತನ್ನ ಕುಲದ್ದಾದ್ದರಿಂದ ಪ್ಲಾಸ್ಟಿಕ್ಕು ಅದನ್ನು ಸೇರಿಸಿಕೊಳ್ಳುತ್ತದೆ. ಕ್ಲೋರಿನ್ ಇರುವುದರಿಂದ ಬಣ್ಣವೂ ಅದಕ್ಕೆ ಅಂಟುತ್ತದೆ. ಭಾಷೆ ತಿಳಿಯದ ಇಬ್ಬರ ನಡುವಿನ ದುಭಾಷಿಯಂತೆ ಅದು ವರ್ತಿಸುತ್ತದೆ.

ಕೆಲಸದ ಕ್ರಮ ಹೀಗಿರತಕ್ಕದ್ದು. ಮೊದಲು ಭಾಗದ ಹಿಂಬದಿಯಲ್ಲಿ ಅಚ್ಚಾಗಿರುವ ಅಕ್ಷರಗಳನ್ನು ನೋಡಬೇಕು. ‘ಪಿಪಿ’ ಎಂದಿದ್ದರೆ ಪಾಲಿಪ್ರೊಪಿಲೀನ್. ‘ಎಬಿಎಸ್’ ಎಂದಿದ್ದರೆ ಬಣ್ಣವನ್ನು ಸುಲಭವಾಗಿ ಹಿಡಿಯುವ ಬೇರೆ ಪ್ಲಾಸ್ಟಿಕ್ಕು. ಬಳಿಕ ಸಾಬೂನು ನೀರಿನಿಂದ ತೊಳೆದು, ಒಣಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್ ತೋಯಿಸಿದ ಬಟ್ಟೆಯಿಂದ ಜಿಡ್ಡನ್ನು ಒರಸಬೇಕು. ಉಜ್ಜುವುದು ಅನಂತರವೇ, ಮೊದಲೇ ಉಜ್ಜಿದರೆ ಜಿಡ್ಡು ಗೀರುಗಳೊಳಕ್ಕೆ ಸೇರಿಕೊಳ್ಳುತ್ತದೆ. 400ರಿಂದ 600ರ ಅಂಕದ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ, ಪುಡಿ ಹೋಗುವವರೆಗೆ ಹಗುರವಾಗಿ ಉಜ್ಜಬೇಕು. ಒಣಗಿದ್ದಂತೆ ಉಜ್ಜಿದರೆ ಪ್ಲಾಸ್ಟಿಕ್ಕು ನಾರೇಳುತ್ತದೆ. ಮತ್ತೆ ತೊಳೆದು, ಚೆನ್ನಾಗಿ ಒಣಗಿಸಿ, ಒರಸಿ, ಪ್ರೈಮರನ್ನು ತೆಳ್ಳಗೆ ಸಿಂಪಡಿಸಬೇಕು. ಡಬ್ಬದ ಮೇಲೆ ಹೇಳಿದ ಅವಧಿಯೊಳಗೆ ಬಣ್ಣವನ್ನು ಒಂದೇ ದಪ್ಪ ಲೇಪವಾಗಿ ಅಲ್ಲ, ಎರಡು ಮೂರು ತೆಳುಲೇಪಗಳಾಗಿ ಕೊಡಬೇಕು.

ಇಡೀ ಬಂಪರಿಗೆ ಕೈಹಾಕುವ ಮುನ್ನ ಕಣ್ಣಿಗೆ ಬೀಳದ ಮೂಲೆಯೊಂದರಲ್ಲಿ ಪರೀಕ್ಷೆ ಮಾಡುವುದು ಜಾಣತನ. ಬಣ್ಣ ಕೆಲವು ದಿನ ಒಣಗಿದ ಮೇಲೆ ಬ್ಲೇಡಿನಿಂದ ಅಡ್ಡಉದ್ದ ಗೀರಿ, ಅಂಟುಪಟ್ಟಿಯನ್ನು ಒತ್ತಿ, ಥಟ್ಟನೆ ಕೀಳಿರಿ. ಚೌಕಗಳು ಪಟ್ಟಿಯೊಡನೆ ಎದ್ದುಬಂದರೆ ಸಿದ್ಧತೆ ಸಾಲದೆಂದು ತಿಳಿಯತಕ್ಕದ್ದು.

ಪ್ರೈಮರಿನ ಆವಿ ಬೇಗ ಹೊತ್ತಿಕೊಳ್ಳುವಂಥದು, ತಲೆನೋವು ತರುವಂಥದು. ಮೂಗಿಗೆ ಕಟ್ಟಿದ ಬಟ್ಟೆ ಆವಿಯನ್ನು ತಡೆಯದು. ಗಾಳಿಯಾಡುವ ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ, ಇದ್ದಿಲಿನ ಸೋಸುಕವುಳ್ಳ ಮುಖವಾಡ ಧರಿಸಿ ಕೆಲಸ ಮಾಡಬೇಕು. ಐಸೊಸಯನೇಟ್ ಗಟ್ಟಿಕಾರಕ ಬೆರೆಸುವ ಬಣ್ಣಗಳಿಂದ ಉಬ್ಬಸ ಬರುವ ಭಯವಿದೆ. ಅವನ್ನು ತಕ್ಕ ಸಲಕರಣೆಯುಳ್ಳ ಕಾರ್ಯಾಗಾರಕ್ಕೆ ಬಿಡುವುದೇ ಲೇಸು.

ಯಾವುದಕ್ಕೂ ಅಂಟಿಕೊಳ್ಳದ ಗುಣವೇ ಈ ಪ್ಲಾಸ್ಟಿಕ್ಕಿನ ಹಿರಿಮೆ. ಬಣ್ಣ ಬಳಿಯುವವನಿಗೆ ಅದೇ ತೊಡಕು. ವಸ್ತುವಿನ ಈ ಸ್ವಭಾವವನ್ನು ಅರಿತು ಅರ್ಧ ದಿನ ತೊಳೆದು ಉಜ್ಜಿದವನ ಬಣ್ಣ ವರ್ಷಗಟ್ಟಲೆ ಉಳಿಯುತ್ತದೆ. ಅದನ್ನರಿಯದೆ ಅವಸರಪಟ್ಟವನು ಮರುವರ್ಷ ಮತ್ತೊಂದು ಡಬ್ಬ ಕೊಳ್ಳಬೇಕಾಗುತ್ತದೆ.